ಪಾದರಸದ ವಿಷ: ಯಾವ ಪರೀಕ್ಷೆ, ಯಾವಾಗ?

ಶುಂಠಿಯ ಬಿತ್ತನೆಗೆಡ್ಡೆಯನ್ನು ಪಾದರಸಯುಕ್ತ ಔಷಧಿಯಲ್ಲಿ ಅದ್ದಿ ನೆಡುವ ಪದ್ಧತಿ ಹಿಂದೆ ನಮ್ಮಲ್ಲಿತ್ತು. ಆ ಔಷಧಿಯಲ್ಲಿದ್ದ ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು ಕೇಂದ್ರ ಸರಕಾರವು 2018ರಲ್ಲಿ ನಿಷೇಧಿಸಿತು. ಆದರೂ ಹಳೆಯ ಡಬ್ಬಿಗಳು ಉಗ್ರಾಣದ ಮೂಲೆಯಲ್ಲಿ ಉಳಿದಿರಬಹುದು. ಆದ್ದರಿಂದ ಸದಸ್ಯ ಬಾಂಧವರು ಈ ವಿಷಯವನ್ನು ತಿಳಿದಿರುವುದು ಅಗತ್ಯ.

ಇರಾಕಿನ ಪಾಠ

1971ರಲ್ಲಿ ಇರಾಕಿಗೆ ಬಿತ್ತನೆಗೆಂದು ತರಿಸಿದ ಧಾನ್ಯಕ್ಕೆ ಮೀಥೈಲ್ ಪಾದರಸ ಲೇಪಿಸಿ, ಎಚ್ಚರಿಕೆಗಾಗಿ ಬಣ್ಣ ಹಾಕಲಾಗಿತ್ತು. ಬಣ್ಣ ತೊಳೆದರೆ ವಿಷವೂ ಹೋಯಿತೆಂದು ನಂಬಿದ ಹಳ್ಳಿಗರು ಅದರಿಂದ ರೊಟ್ಟಿ ಮಾಡಿ ಉಂಡರು. ಕೂಡಲೇ ಏನೂ ಆಗಲಿಲ್ಲ. ವಾರಗಳ ನಂತರ ಕೈಕಾಲು ಜೋಮು, ನಡಿಗೆಯಲ್ಲಿ ತಡವರಿಕೆ, ದೃಷ್ಟಿಮಾಂದ್ಯ ಕಾಣಿಸಿಕೊಂಡವು. ಆಸ್ಪತ್ರೆ ಸೇರಿದವರು 6,530 ಮಂದಿ. ಅವರಲ್ಲಿ 459 ಮಂದಿ ಸತ್ತರು.

ಪರೀಕ್ಷೆಗಳು

1. ರಕ್ತ: ಮೀಥೈಲ್ ಪಾದರಸವು ಕೆಂಪು ರಕ್ತಕಣಗಳಲ್ಲಿ ಸೇರುವುದರಿಂದ ಸೀರಂ ಸಾಲದು, ಪೂರ್ಣ ರಕ್ತವೇ ಬೇಕು. ಲೋಹದ ಸೋಂಕಿಲ್ಲದ ವಿಶೇಷ ನಳಿಕೆಯಲ್ಲಿ ತೆಗೆಯಬೇಕು. ಸುಮಾರು 50 ದಿನಗಳಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ತಡಮಾಡಬಾರದು.

2. ಮೂತ್ರ: ಶುಂಠಿ ಔಷಧಿಯ ಪಾದರಸವು ದೇಹದಲ್ಲಿ ಬೇಗನೆ ಅಜೈವಿಕ ರೂಪಕ್ಕೆ ಒಡೆದು ಮೂತ್ರಪಿಂಡದಲ್ಲಿ ಸೇರುತ್ತದೆ. ಆದುದರಿಂದ ನಮ್ಮ ತೋಟಗಾರರ ಮಟ್ಟಿಗೆ ರಕ್ತದ ಜೊತೆಗೆ 24 ಗಂಟೆಯ ಮೂತ್ರದ ಪರೀಕ್ಷೆಯೂ ಮುಖ್ಯ.

3. ಕೂದಲು: ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲಿನಲ್ಲಿ ಮೀಥೈಲ್ ಪಾದರಸದ ಹಿಂದಿನ ತಿಂಗಳುಗಳ ಲೆಕ್ಕ ಉಳಿದಿರುತ್ತದೆ.

ಗಮನಿಸಬೇಕಾದ ಅಂಶಗಳು

ಮೀನು ಹೆಚ್ಚು ತಿನ್ನುವವರ ರಕ್ತದಲ್ಲಿ ಪಾದರಸ ತುಸು ಹೆಚ್ಚೇ ಇರುತ್ತದೆ. ಇದನ್ನು ವೈದ್ಯರಿಗೆ ಮೊದಲೇ ಹೇಳಿರಿ. ವಿಷ ಇಳಿಸುವ ಔಷಧಿ ಕೊಟ್ಟ ಮೇಲೆ ಹಿಡಿದ ಮೂತ್ರದಲ್ಲಿ ಅಂಕಿ ಹೇಗೂ ಏರುತ್ತದೆ. ಅದನ್ನು ಸಾಮಾನ್ಯ ಮಿತಿಗೆ ಹೋಲಿಸುವುದು ತಪ್ಪು.

ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವುದು ತಾಮ್ರ, ಪಾದರಸವಲ್ಲ. ರಂಜಕಯುಕ್ತ ಕೀಟನಾಶಕದ ವಿಷಕ್ಕೆ ಕೋಲಿನೆಸ್ಟರೇಸ್ ಎಂಬ ಬೇರೆಯೇ ರಕ್ತಪರೀಕ್ಷೆಯಿದೆ. ಯಾವ ವಿಷವೆಂದು ತಿಳಿಸದೆ ಬರೇ ರಕ್ತ ಕೊಟ್ಟರೆ ಪ್ರಯೋಗಾಲಯವು ಪಾದರಸವನ್ನು ತಾನಾಗಿ ಹುಡುಕುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲಿನ ಹೆಸರನ್ನು ಬರೆದುಕೊಂಡು ಆಸ್ಪತ್ರೆಗೆ ಹೋಗಿರಿ. ಕೆಲಸ ಮಾಡಿದ ಆಳಿಗೆ ಕೈ ನಡುಗುತ್ತಿದ್ದರೆ ಅವರನ್ನೂ ಕರೆದೊಯ್ಯಿರಿ.

ಉಪಚರಿಸಿ ಉಳಿದ ಗೆಡ್ಡೆಯನ್ನು ಎಷ್ಟು ತೊಳೆದರೂ ಅಡಿಗೆಗೆ ಬಳಸಬೇಡಿರಿ, ದನಕ್ಕೂ ಹಾಕಬೇಡಿರಿ. ಹಳೆಯ ಡಬ್ಬಿಯನ್ನು ಸುಡದೆ, ಹೊಳೆಗೆ ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಟ್ಟು ಕೃಷಿ ಅಧಿಕಾರಿಗಳಿಗೆ ತಿಳಿಸಿರಿ.