ಲಾರಿ ಚಾಲಕರ ಬೊಜ್ಜು: ಇಳಿಸುವ ಹುಮ್ಮಸ್ಸು ಆರದಿರಲಿ

ಹೆದ್ದಾರಿಯಲ್ಲಿ ದುಡಿಯುವ ಲಾರಿ ಚಾಲಕರಿಗೆ ಹೊಟ್ಟೆ ಬರುವುದು ತೀರಾ ಸಾಮಾನ್ಯ. ಅದನ್ನು ಯಾರೂ ಕಾಯಿಲೆಯ ಮುನ್ಸೂಚನೆ ಎಂದು ಭಾವಿಸುವುದಿಲ್ಲ. 'ಡ್ರೈವರ್ ಅಂದಮೇಲೆ ಹೊಟ್ಟೆ ಇದ್ದದ್ದೇ' ಎಂದು ಮನೆಯವರೂ ಸುಮ್ಮನಾಗುತ್ತಾರೆ. ಬೆನ್ನುನೋವೋ, ಮಂಡಿನೋವೋ, ಏದುಸಿರೋ ಕಾಡಿದಾಗ ವೈದ್ಯರು 'ಮೂವತ್ತು ಕೆ.ಜಿ. ಇಳಿಸಬೇಕು' ಎನ್ನುತ್ತಾರೆ. ಚಾಲಕ ಒಂದು ವಾರ ಅನ್ನ ಬಿಡುತ್ತಾನೆ, ಎರಡನೆಯ ವಾರ ಸುಸ್ತಾಗುತ್ತಾನೆ, ಮೂರನೆಯ ವಾರ ಎಲ್ಲವೂ ಮೊದಲಿನಂತೆಯೇ. ಏನು ತಿನ್ನಬೇಕು, ಏನು ಬಿಡಬೇಕು ಎಂಬುದು ಅನೇಕರಿಗೆ ಗೊತ್ತು. ತಿಂಗಳುಗಟ್ಟಲೆ ಅದಕ್ಕೆ ಅಂಟಿಕೊಳ್ಳುವುದೇ ಕಷ್ಟ. ಈ ವಾರ ಅದನ್ನೇ ವಿಚಾರ ಮಾಡೋಣ.

ಕುಳಿತ ಕೆಲಸದ ಬೆಲೆ

ಬ್ರಿಟನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವೈದ್ಯಕೀಯದಲ್ಲಿ ಪ್ರಸಿದ್ಧವಾಗಿದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ರಕ್ತನಾಳದ ಕಾಯಿಲೆ ನಿರ್ವಾಹಕರಿಗಿಂತ ಚಾಲಕರಲ್ಲಿ ಹೆಚ್ಚು ಕಂಡುಬಂತು. 1956ರಲ್ಲಿ ಇದೇ ತಂಡ ಇವರ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿತು. ಚಾಲಕರ ಪ್ಯಾಂಟಿನ ಸೊಂಟದಳತೆ ನಿರ್ವಾಹಕರದ್ದಕ್ಕಿಂತ ದೊಡ್ಡದಿತ್ತು. ಎಳೆಯ ವಯಸ್ಸಿನವರಲ್ಲೂ ಈ ವ್ಯತ್ಯಾಸ ಇದ್ದುದರಿಂದ ಕೆಲಸವೊಂದೇ ಕಾರಣ ಎನ್ನಲಾಗದು. ಆದರೂ ದಿನವಿಡೀ ಕೂರುವುದು ಹೃದಯಕ್ಕೆ ಒಳ್ಳೆಯದಲ್ಲ ಎಂಬ ಮಾತನ್ನು ನಂತರದ ಅನೇಕ ಅಧ್ಯಯನಗಳು ಸಮರ್ಥಿಸಿವೆ.

ನಮ್ಮ ಲಾರಿ ಚಾಲಕರಿಗೆ ಇದರ ಜೊತೆಗೆ ಬೇರೆ ಹೊರೆಗಳೂ ಇವೆ. ಬೆಂಗಳೂರಿನಿಂದ ಮುಂಬೈಗೆ ಸುಮಾರು ಸಾವಿರ ಕಿ.ಮೀ. ದಾರಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ ದಾಟುವಷ್ಟರಲ್ಲಿ ಎಷ್ಟು ಚಹಾ, ಎಷ್ಟು ಪರೋಟ! ಊಟಕ್ಕೆ ಹೊತ್ತಿಲ್ಲ, ನಿದ್ದೆಗೆ ಗೊತ್ತಿಲ್ಲ. ಸಿಹಿ ಚಹಾ ಎಚ್ಚರಕ್ಕೆ, ಬೀಡಿ ಬೇಸರಕ್ಕೆ.

ನಿಮ್ಮ ತೂಕ ಎಷ್ಟಿರಬೇಕು?

ತೂಕವನ್ನು ಕೆ.ಜಿ.ಯಲ್ಲೂ ಎತ್ತರವನ್ನು ಮೀಟರಿನಲ್ಲೂ ಬರೆದುಕೊಳ್ಳಿ. ತೂಕವನ್ನು ಎತ್ತರದಿಂದ ಎರಡು ಬಾರಿ ಭಾಗಿಸಿ. ಬರುವ ಅಂಕಿಯೇ ದೇಹತೂಕ ಸೂಚ್ಯಂಕ. ಭಾರತೀಯರಲ್ಲಿ ಇದು 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. 170 ಸೆಂ.ಮೀ. ಎತ್ತರದ, 110 ಕೆ.ಜಿ. ತೂಕದ ಚಾಲಕನ ಸೂಚ್ಯಂಕ 38. ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನೂ ನೋಡಿ. ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯ ಹೆಚ್ಚು.

ಚಾಲಕನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನು ಕೆಡಿಸುತ್ತದೆ, ಪಾದಗಳ ಸ್ಪರ್ಶಜ್ಞಾನವನ್ನು ಕುಗ್ಗಿಸುತ್ತದೆ. ಕಣ್ಣು ಮತ್ತು ಪಾದ ಎರಡೂ ಚಾಲಕನ ಬಂಡವಾಳ. ಸಾರಿಗೆ ವಾಹನದ ಲೈಸೆನ್ಸ್ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕೆಂಬುದನ್ನು ಮರೆಯಬೇಡಿ.

ಹುಮ್ಮಸ್ಸು ಏಕೆ ಆರುತ್ತದೆ?

ಮೊದಲನೆಯ ಕಾರಣ, ಗುರಿ ತೀರಾ ದೂರದಲ್ಲಿರುವುದು. ವಾರಕ್ಕೆ ಅರ್ಧ ಕೆ.ಜಿ. ಇಳಿಯುವುದು ಸುರಕ್ಷಿತ ವೇಗ. ಆ ಲೆಕ್ಕದಲ್ಲಿ ಮೂವತ್ತು ಕೆ.ಜಿ.ಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಒಂದು ತಿಂಗಳಲ್ಲಿ ಫಲ ಕಾಣಬೇಕೆಂದು ಹೊರಟವನಿಗೆ ನಿರಾಶೆ ಖಂಡಿತ.

ಎರಡನೆಯದು, ಮೊದಲ ವಾರಗಳ ಮೋಸ. ಊಟ ಕಡಿಮೆ ಮಾಡಿದ ಕೂಡಲೇ ಎರಡು ಮೂರು ಕೆ.ಜಿ. ಇಳಿಯಬಹುದು. ಅದರಲ್ಲಿ ಬಹುಪಾಲು ಕೊಬ್ಬಲ್ಲ, ನೀರು. ನಂತರ ವೇಗ ಸಹಜವಾಗಿ ತಗ್ಗುತ್ತದೆ. 'ಇನ್ನು ಇಳಿಯುವುದಿಲ್ಲ' ಎಂದು ಅನೇಕರು ಕೈಬಿಡುವುದು ಇಲ್ಲಿಯೇ.

ಮೂರನೆಯದು, 'ಪೂರಾ ಇಲ್ಲವೇ ಏನೂ ಇಲ್ಲ' ಎಂಬ ಹಟ. ಒಂದು ರಾತ್ರಿ ಢಾಬಾದಲ್ಲಿ ಹೊಟ್ಟೆ ಬಿರಿಯುವಂತೆ ಉಂಡರೆ, ವ್ರತ ಕೆಟ್ಟಿತೆಂದು ಇಡೀ ತಿಂಗಳನ್ನು ಕೆಡಿಸಿಕೊಳ್ಳುವವರಿದ್ದಾರೆ.

ಮೂರಕ್ಕೂ ಪರಿಹಾರವಿದೆ. ಹುಮ್ಮಸ್ಸು ತಾನಾಗಿ ಹುಟ್ಟಲಿ ಎಂದು ಕಾಯಬಾರದು. ಅದು ಇಲ್ಲದ ದಿನವೂ ನಡೆಯುವಂಥ ಏರ್ಪಾಡನ್ನು ಮಾಡಿಕೊಳ್ಳಬೇಕು.

ದೂರವನ್ನು ಟ್ರಿಪ್‌ಗಳಾಗಿ ಒಡೆಯಿರಿ

ನೆಲಮಂಗಲದಲ್ಲಿ ಗಾಡಿ ಹೊರಡಿಸುವಾಗ ಚಾಲಕ ಸಾವಿರ ಕಿ.ಮೀ. ನೆನೆದು ಹೆದರುವುದಿಲ್ಲ. ಮೊದಲು ಚಿತ್ರದುರ್ಗ, ಆಮೇಲೆ ಹುಬ್ಬಳ್ಳಿ. ತೂಕಕ್ಕೂ ಇದೇ ಕ್ರಮ. 110 ಕೆ.ಜಿ.ಯವರಿಗೆ ಮೊದಲ ನಿಲ್ದಾಣ ಶೇ 5, ಅಂದರೆ ಐದೂವರೆ ಕೆ.ಜಿ. ಎರಡನೆಯದು ಶೇ 10, ಅಂದರೆ ಹನ್ನೊಂದು ಕೆ.ಜಿ. ಇಷ್ಟು ಇಳಿದರೇ ರಕ್ತದೊತ್ತಡ, ರಕ್ತದ ಸಕ್ಕರೆ, ಮಂಡಿಯ ನೋವು ಸುಧಾರಿಸುವುದನ್ನು ವೈದ್ಯರು ಕಾಣುತ್ತಾರೆ. ಮೂವತ್ತು ಕೆ.ಜಿ. ಆಗುವವರೆಗೆ ಲಾಭಕ್ಕೆ ಕಾಯಬೇಕಿಲ್ಲ.

ಪ್ರತಿ ಟ್ರಿಪ್‌ಗೆ ಒಂದೇ ಬದಲಾವಣೆ ಸಾಕು. ಈ ಟ್ರಿಪ್‌ನಲ್ಲಿ ಚಹಾದ ಸಕ್ಕರೆ, ಮುಂದಿನದರಲ್ಲಿ ರಾತ್ರಿಯ ಊಟ, ಅದರ ಮುಂದಿನದರಲ್ಲಿ ನಡಿಗೆ. ಒಂದು ಅಭ್ಯಾಸ ಗಟ್ಟಿಯಾದ ಮೇಲೆ ಇನ್ನೊಂದು. ಟ್ರಿಪ್ ಮುಗಿಸಿ ಮನೆಗೆ ಬಂದಾಗ ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಊರಿಗೊಂದು ಅಂಗಡಿಯ ತಕ್ಕಡಿ ಹತ್ತಿದರೆ ಅಂಕಿಗಳು ತಾಳೆಯಾಗುವುದಿಲ್ಲ.

ಅಳತೆಗೆ ತಕ್ಕಡಿ ಒಂದೇ ಸಾಲದು. ಬೆಲ್ಟಿನ ಯಾವ ತೂತಿಗೆ ಕೊಕ್ಕೆ ಬೀಳುತ್ತಿದೆ? ಕ್ಯಾಬಿನ್ ಹತ್ತುವಾಗ ಏದುಸಿರು ಬರುತ್ತಿದೆಯೇ? ಬಗ್ಗಿ ಟಯರ್ ನೋಡಲು ಆಗುತ್ತಿದೆಯೇ? ತಕ್ಕಡಿ ಅಲುಗಾಡದ ವಾರಗಳಲ್ಲಿ ಈ ಗುರುತುಗಳೇ ಧೈರ್ಯ ಕೊಡುತ್ತವೆ.

ದಾರಿಯ ಊಟ

ಮೊದಲು ಚಹಾದ ಲೆಕ್ಕ ಹಾಕಿ. ದಿನಕ್ಕೆ ಎಂಟು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಹದಿನಾರು ಚಮಚ, ಸುಮಾರು 80 ಗ್ರಾಂ. ಇದರಿಂದ ಬರುವುದು 320 ಕ್ಯಾಲೊರಿ, ಹಾಲಿನದು ಬೇರೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ದಿನದ ಸಕ್ಕರೆ 20ರಿಂದ 25 ಗ್ರಾಂ ಮೀರದಿರಲಿ ಎನ್ನುತ್ತದೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಚಹಾದ ಸಕ್ಕರೆಯನ್ನು ಅರ್ಧಕ್ಕಿಳಿಸಿದರೂ ಲೆಕ್ಕದ ಪ್ರಕಾರ ಒಂದೂವರೆ ತಿಂಗಳಿಗೆ ಒಂದು ಕೆ.ಜಿ. ಉಳಿತಾಯ. ರಸ್ತೆ ಬದಿಯ ಅಂಗಡಿಯಲ್ಲಿ ಸಕ್ಕರೆ ಮೊದಲೇ ಬೆರೆತಿದ್ದರೆ ಚಹಾದ ಸಂಖ್ಯೆಯನ್ನೇ ಕಡಿಮೆ ಮಾಡಿ, ನಡುವೆ ನೀರು ಅಥವಾ ಮಜ್ಜಿಗೆ ಕುಡಿಯಿರಿ. 300 ಮಿ.ಲೀ. ಕೋಲಾ ಬಾಟಲಿಯಲ್ಲಿ ಆರು ಚಮಚದಷ್ಟು ಸಕ್ಕರೆ ಇರುತ್ತದೆ. ಅದು ದಾಹ ತಣಿಸುವ ಪಾನೀಯವಲ್ಲ.

ಊಟ ಬಿಡುವುದು ಬೇಡ. ಹಸಿದು ಓಡಿಸಿದವನು ರಾತ್ರಿ ಹನ್ನೊಂದಕ್ಕೆ ಎರಡರಷ್ಟು ತಿನ್ನುತ್ತಾನೆ. ಹಾವೇರಿ, ಹುಬ್ಬಳ್ಳಿ ಕಡೆಯ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೌತೆಕಾಯಿ, ಮೂಲಂಗಿ ಸಿಗುತ್ತವೆ. ತುಮಕೂರಿನ ಕಡೆ ಮುದ್ದೆ, ಸೊಪ್ಪಿನ ಸಾರು ಇದೆ. ಢಾಬಾದಲ್ಲಾದರೆ ಬೆಣ್ಣೆಯ ಪರೋಟಕ್ಕೆ ಬದಲು ಒಣ ರೊಟ್ಟಿ ಮತ್ತು ದಾಲ್ ಕೇಳಿ, ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿ. ಕ್ಯಾಬಿನ್ನಿನಲ್ಲಿ ಸ್ಟೌ ಇಟ್ಟುಕೊಂಡು ಅಡುಗೆ ಮಾಡುವವರು ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಿಂದ ಅಳೆದು ಹಾಕಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 135 ಕ್ಯಾಲೊರಿ ಇದೆ. ಬೋಂಡಾ, ಚಿಪ್ಸ್ ಬದಲು ಸೀಬೆಹಣ್ಣು, ಸೌತೆಕಾಯಿ, ಒಂದು ಹಿಡಿ ಹುರಿಗಡಲೆ ಕೈಗೆಟುಕುವಂತೆ ಇರಲಿ.

ಗಾಡಿ ನಿಲ್ಲಿಸಿದ ಮೇಲೆ 'ಮೈಕೈ ನೋವಿಗೆ' ಎಂದು ಕುಡಿಯುವ ಕ್ವಾರ್ಟರ್ ಮದ್ಯದಲ್ಲಿ ಸುಮಾರು 400 ಕ್ಯಾಲೊರಿ ಇರುತ್ತದೆ, ಜೊತೆಯ ಕರಿದ ತಿಂಡಿ ಬೇರೆ. ಹಸಿವು ಮುಚ್ಚಲು ಬೀಡಿ, ಗುಟ್ಕಾ ಹಿಡಿಯುವುದು ಬೊಜ್ಜಿಗೆ ಮದ್ದಲ್ಲ, ಕ್ಯಾನ್ಸರಿಗೆ ಆಹ್ವಾನ.

ಲಾರಿಯ ಸುತ್ತ ಮೂವತ್ತು ಸುತ್ತು

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ನಿಲುಗಡೆಗಳಲ್ಲಿ ಹತ್ತತ್ತು ನಿಮಿಷ ನಡೆದರೆ ಐದು ದಿನಕ್ಕೆ ಅಷ್ಟಾಯಿತು. ಮೈದಾನ ಹುಡುಕಬೇಕಿಲ್ಲ. ಹನ್ನೆರಡು ಮೀಟರ್ ಉದ್ದದ ಲಾರಿಯನ್ನು ಸ್ವಲ್ಪ ಅಂತರ ಬಿಟ್ಟು ಮೂವತ್ತು ಬಾರಿ ಸುತ್ತಿದರೆ ಸುಮಾರು ಒಂದು ಕಿ.ಮೀ. ಆಗುತ್ತದೆ. ಆದರೆ ಗಾಡಿ ರಸ್ತೆಯ ಅಂಚಿನಲ್ಲಲ್ಲ, ನಿಲುಗಡೆಯ ಜಾಗದಲ್ಲಿ ನಿಂತಿರಬೇಕು. ಟಯರ್, ಹಗ್ಗ, ಟಾರ್ಪಾಲು ನೋಡುವ ಕೆಲಸವೂ ಆಗುತ್ತದೆ. ಊಟವಾದ ಮೇಲಿನ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಭಾರದ ಮೈಯವರು ಓಡುವುದು ಬೇಡ, ಮಂಡಿ ತಡೆಯದು. ಚಪ್ಪಲಿಗಿಂತ ಶೂ ಒಳ್ಳೆಯದು. ಕ್ಲೀನರ್ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಒಬ್ಬ ಸೋಮಾರಿಯಾದ ದಿನ ಇನ್ನೊಬ್ಬ ಎಬ್ಬಿಸುತ್ತಾನೆ.

ನಿದ್ದೆ ಕೆಟ್ಟರೆ ಹಸಿವೂ ಕೆಡುತ್ತದೆ

ನಿದ್ದೆ ಕಡಿಮೆಯಾದಾಗ ಹಸಿವು ಹೆಚ್ಚುತ್ತದೆ, ಸಿಹಿ ಮತ್ತು ಕರಿದ ಪದಾರ್ಥಗಳ ಆಸೆ ಕೆರಳುತ್ತದೆ. ನಿದ್ದೆಗೆಟ್ಟವನ ನಿರ್ಧಾರಗಳೂ ಸಡಿಲ. ಆದ್ದರಿಂದ ನಿದ್ದೆಯನ್ನೂ ತೂಕ ಇಳಿಸುವ ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು. ಜೋರಾಗಿ ಗೊರಕೆ, ನಡುವೆ ಉಸಿರು ಕಟ್ಟಿದಂತಾಗಿ ಎಚ್ಚರ, ಹಗಲು ತೂಕಡಿಕೆ ಇದ್ದರೆ ಅದು ನಿದ್ರಾ ಉಸಿರುಕಟ್ಟುವಿಕೆ ಆಗಿರಬಹುದು. ಬೊಜ್ಜಿನವರಲ್ಲಿ ಇದು ಹೆಚ್ಚು. ಸ್ಟೀರಿಂಗ್ ಹಿಡಿದಾಗ ಕಣ್ಣು ಎಳೆಯುತ್ತಿದ್ದರೆ ತೂಕ ಇಳಿಯಲೆಂದು ಕಾಯದೆ ತಕ್ಷಣ ವೈದ್ಯರನ್ನು ಕಾಣಿ. ಇದಕ್ಕೆ ಚಿಕಿತ್ಸೆ ಇದೆ.

ತೂಕ ನಿಂತಾಗ, ಕಾಲು ಜಾರಿದಾಗ

ಲೋಡ್ ಗಾಡಿಗೆ ಡೀಸೆಲ್ ಹೆಚ್ಚು ಬೇಕು, ಖಾಲಿ ಗಾಡಿಗೆ ಕಡಿಮೆ. ದೇಹವೂ ಹಾಗೆಯೇ. 110 ಕೆ.ಜಿ. ಇದ್ದಾಗ ತೂಕ ಇಳಿಸಿದ ಊಟ, 95ಕ್ಕೆ ಬಂದಾಗ ತೂಕವನ್ನು ಅಲ್ಲಿಯೇ ನಿಲ್ಲಿಸುತ್ತದೆ. ಹಸಿವೂ ಸ್ವಲ್ಪ ಹೆಚ್ಚುತ್ತದೆ. ಇದು ಸೋಲಲ್ಲ, ಶರೀರಧರ್ಮ. ಆಗ ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ, ಹತ್ತು ನಿಮಿಷ ಹೆಚ್ಚು ನಡೆಯಿರಿ. ಕೆಲವು ವಾರ ತೂಕ ಏರದೆ ನಿಂತರೂ ಅದನ್ನು ಗೆಲುವೆಂದೇ ಎಣಿಸಿ.

ಮದುವೆ ಮನೆ, ಹಬ್ಬ, ಲೋಡಿಗಾಗಿ ಕಾದ ದಿನ ಇವುಗಳಲ್ಲಿ ಹೆಚ್ಚು ತಿನ್ನುವುದು ಸಹಜ. ಮರುದಿನ ಉಪವಾಸ ಬೇಡ. ಮುಂದಿನ ಊಟದಿಂದಲೇ ಮತ್ತೆ ಕ್ರಮಕ್ಕೆ ಬನ್ನಿ. ಒಂದು ಟಯರ್ ಪಂಕ್ಚರ್ ಆಯಿತೆಂದು ಉಳಿದ ಟಯರುಗಳ ಗಾಳಿ ಯಾರೂ ಬಿಡುವುದಿಲ್ಲ.

ಮನೆಯವರು ಮತ್ತು ಮಾಲೀಕರು

ವಾರಗಟ್ಟಲೆ ಹೊರಗಿದ್ದು ಬಂದವರಿಗೆ ಹೋಳಿಗೆ, ಬಿರಿಯಾನಿ ಮಾಡಿ ಬಡಿಸುವುದು ಪ್ರೀತಿಯೇ. ಆದರೆ ಎರಡು ದಿನದ ಆ ಪ್ರೀತಿ ಒಂದು ಟ್ರಿಪ್‌ನ ಶ್ರಮವನ್ನು ನುಂಗಬಾರದು. ಒಂದು ಹೊತ್ತು ಹಬ್ಬ, ಉಳಿದ ಹೊತ್ತು ಎಂದಿನ ಊಟ ಎಂದು ಮೊದಲೇ ಮಾತಾಡಿಕೊಳ್ಳಿ. ಫೋನಿನಲ್ಲಿ 'ಎಷ್ಟು ಕೆ.ಜಿ. ಇಳಿದಿರಿ?' ಎಂದು ವಿಚಾರಣೆ ಮಾಡುವ ಬದಲು 'ಇವತ್ತು ನಡೆದಿರಾ? ಎಲ್ಲಿ ಉಂಡಿರಿ?' ಎಂದು ಕೇಳಿ. ತೂಕ ಅವರ ಕೈಯಲ್ಲಿಲ್ಲ, ನಡಿಗೆ ಇದೆ. ಹೊಟ್ಟೆ ನೋಡಿ ಹಾಸ್ಯ ಮಾಡುವುದನ್ನು ಬಿಡಿ, ಅವಮಾನದಿಂದ ಯಾರೂ ಸಣ್ಣಗಾಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತೂಕ ಗುರುತು ಹಾಕುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಅಪ್ಪನ ಅಂಕಿ ಬರೆಯಲು ಅವರು ಮರೆಯುವುದಿಲ್ಲ.

ಲಾರಿ ಮಾಲೀಕರ ಪಾಲೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, ಐದು ಗಂಟೆಯ ಕೆಲಸ ಮುಗಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ಇರಬೇಕೆಂದು ವಿಧಿಸಿತ್ತು. ಆ ಅರ್ಧ ಗಂಟೆ ನಿಜವಾಗಿ ಸಿಕ್ಕರೆ ಊಟಕ್ಕೂ ನಡಿಗೆಗೂ ಸಮಯ ಇರುತ್ತದೆ.

ಎಚ್ಚರಿಕೆಯ ಮಾತು

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿತ ಮಾಡಬಾರದು. ಗಾಡಿ ಓಡಿಸುವಾಗ ಸಕ್ಕರೆ ಅಂಶ ದಿಢೀರನೆ ಕುಸಿದರೆ ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಕೂಡಲೇ ಗಾಡಿ ನಿಲ್ಲಿಸಿ ಸಕ್ಕರೆ ಅಥವಾ ಗ್ಲೂಕೋಸ್ ತಿನ್ನಬೇಕು. ಅದು ಸದಾ ಕ್ಯಾಬಿನ್ನಿನಲ್ಲಿರಲಿ. ತೂಕ ಇಳಿದಂತೆ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನೂ ವೈದ್ಯರು ಬದಲಿಸಬೇಕಾಗಬಹುದು. ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಬೊಜ್ಜಿನ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ತೂಕ ಬಹಳ ಹೆಚ್ಚಿರುವವರಿಗೆ ಅವು ನೆರವಾಗಬಲ್ಲವು, ಆದರೆ ವೈದ್ಯರ ಉಸ್ತುವಾರಿಯಲ್ಲಿ ಮಾತ್ರ. ನಿಲ್ಲಿಸಿದ ಮೇಲೆ ತೂಕ ಬಹುಮಟ್ಟಿಗೆ ಮರಳುವುದರಿಂದ ಊಟ, ನಡಿಗೆಯ ಶಿಸ್ತು ಹೇಗೂ ಬೇಕು.

ಮೂವತ್ತು ದಾಟಿದ ಪ್ರತಿಯೊಬ್ಬ ಚಾಲಕ ವರ್ಷಕ್ಕೊಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಲಿ. ಗಾಡಿಗೆ ಎಫ್.ಸಿ. ಮಾಡಿಸಲು ಮರೆಯದವರು ಓಡಿಸುವ ದೇಹಕ್ಕೂ ಒಂದು ದಿನ ಮೀಸಲಿಡಬೇಕು. ಮುಂದಿನ ಟ್ರಿಪ್‌ಗೆ ಹೊರಡುವ ಮುನ್ನ ಒಂದು ಬದಲಾವಣೆಯನ್ನು ಆರಿಸಿಕೊಳ್ಳಿ, ಇವತ್ತಿನ ತೂಕವನ್ನು ಬರೆದಿಡಿ. ಆರಂಭಕ್ಕೆ ಅಷ್ಟು ಸಾಕು.