ಕಳೆ ಬೀಜ ತಿನ್ನುವ ಕೀಟಗಳು: ಪರೀಕ್ಷಾ ಟಿಪ್ಪಣಿ

ಕೀಟಗಳು ಕಳೆ ಬೀಜವನ್ನು ತಿಂದು ನಾಶಪಡಿಸುವುದೇ ಬೀಜಭಕ್ಷಣೆ. ಬೀಜ ಗಿಡದಲ್ಲಿರುವಾಗಲೂ ನಡೆಯಬಹುದು, ನೆಲಕ್ಕೆ ಉದುರಿದ ಮೇಲೂ ನಡೆಯಬಹುದು.

ಮೊದಲ ಬಗೆಗೆ ನಮ್ಮ ದೇಶದ ಹಳೆಯ ಉದಾಹರಣೆ ಲಂಟಾನ ಬೀಜನೊಣ, ಅಂದರೆ ಓಫಿಯೊಮೈಯಾ ಲಂಟಾನೆ. 1921ರಲ್ಲಿ ಹವಾಯಿಯಿಂದ ತರಿಸಿದ್ದು. ಹೆಣ್ಣು ನೊಣ ಹಸಿರು ಕಾಯಿಯಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೇ ಕೊರೆದು ತಿನ್ನುತ್ತದೆ. ನೊಣ ನೆಲೆಯೂರಿತು, ಲಂಟಾನ ಮಾತ್ರ ಹತೋಟಿಗೆ ಬರಲಿಲ್ಲ.

ಎರಡನೆಯದರಲ್ಲಿ ಇರುವೆ ಮತ್ತು ಕ್ಯಾರಾಬಿಡೆ ಕುಟುಂಬದ ನೆಲಜೀರುಂಡೆಗಳದ್ದೇ ದೊಡ್ಡ ಪಾಲು. ಫರಂಗಿಪೇಟೆ, ಬಂಟ್ವಾಳದ ಕಡೆ ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಮೇಲೆ ಗದ್ದೆಯ ಬದುವಿನ ಬಳಿ ಸ್ವಲ್ಪ ಹೊತ್ತು ಕುಳಿತು ನೋಡಿ: ಹುಲ್ಲಿನ ಬೀಜ ಕಚ್ಚಿಕೊಂಡು ಸಾಗುವ ಇರುವೆ ಸಾಲು, ಗೂಡಿನ ಬಾಯಲ್ಲಿ ಸುಲಿದು ಬಿಸುಟ ಹೊಟ್ಟು. ಕೊಯ್ಲಾದ ಕೂಡಲೇ ಉತ್ತರೆ ಬೀಜ ಮಣ್ಣಿನಡಿ ಸೇರಿ ಇವುಗಳ ಕೈಗೆ ಸಿಗುವುದಿಲ್ಲ. ಬದುವಿಗೆ ಕೀಟನಾಶಕ ಹೊಡೆದರೆ ತಿನ್ನುವ ಕೀಟವೇ ಸಾಯುತ್ತದೆ. ಹಾಗೆಂದು ಇವು ನಿರಪಾಯವೂ ಅಲ್ಲ. ಕೆಲವು ಇರುವೆಗಳು ಬಿತ್ತಿದ ಭತ್ತವನ್ನೂ ಒಯ್ಯುತ್ತವೆ.

ಅಭ್ಯರ್ಥಿಗಳು ಎಡವುವುದು ಇಲ್ಲಿ: ಕಾಂಗ್ರೆಸ್ ಕಳೆಯ ಹತೋಟಿಗೆ ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ಬೈಕೊಲೊರಾಟ ಎಲೆ ತಿನ್ನುವ ದುಂಬಿ, ಬೀಜಭಕ್ಷಕವಲ್ಲ.