ಹೊಲಕ್ಕೆ ಹೋದರೆ ಸೀನು: ಹುಲ್ಲಿನ ಪರಾಗದ ಅಲರ್ಜಿಗೆ ಏನು ಮಾಡಬೇಕು?

ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಿ ಬಂದವರಲ್ಲಿ ಕೆಲವರಿಗೆ ಸೀನು ನಿಲ್ಲುವುದೇ ಇಲ್ಲ. ಮಳೆ ಹಿಂದೆ ಸರಿದು ಬಿಸಿಲು ಬಿದ್ದಾಗ ಬದುವಿನ ಕರಕಿ, ಹುಲ್ಲು ಹೂ ಬಿಟ್ಟು ಪರಾಗ ಉದುರಿಸುತ್ತವೆ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಬ್ಬು, ಗೋವಿನಜೋಳ, ಅಥಣಿ ಸೀಮೆಯ ಹಿಂಗಾರಿ ಜೋಳ ಕೂಡ ಹುಲ್ಲಿನ ಕುಲದವೇ. ‘ಹುಲ್ಲಿನಿಂದ ದೂರವಿರಿ’ ಎಂಬ ಪೇಟೆಯ ಸಲಹೆ ಇಲ್ಲಿ ನಡೆಯದು.

ಮೊದಲು ನೆಗಡಿಯೋ ಅಲರ್ಜಿಯೋ ನೋಡಿ. ನೆಗಡಿ ಸಾಮಾನ್ಯವಾಗಿ 7–10 ದಿನಕ್ಕೆ ಇಳಿಯುತ್ತದೆ. ಅಲರ್ಜಿಯಲ್ಲಿ ಜ್ವರವಿಲ್ಲ, ಮೂಗು, ಕಣ್ಣು, ಅಂಗುಳ ತುರಿಸುತ್ತವೆ, ಮೂಗಿನಿಂದ ನೀರು ಸುರಿಯುತ್ತದೆ, ವಾರಗಟ್ಟಲೆ ಕಾಡುತ್ತದೆ. ಯಾವ ತಿಂಗಳು, ಆಗ ಯಾವ ಬೆಳೆ ಹೂವಿನಲ್ಲಿತ್ತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ವೈದ್ಯರಿಗೆ ಅದು ಬಹಳ ಉಪಯೋಗ.

ಗೋವಿನಜೋಳದ ಪರಾಗ ದಪ್ಪ, ಹೆಚ್ಚಿನದು ಹೊಲದ ಆಸುಪಾಸಿನಲ್ಲೇ ಬೀಳುತ್ತದೆ. ಬದುವಿನ ಹುಲ್ಲಿನದು ಸಣ್ಣದು, ಗಾಳಿಯಲ್ಲಿ ದೂರ ಹೋಗುತ್ತದೆ. ಆ ಹುಲ್ಲನ್ನು ಹೂ ಬಿಡುವ ಮೊದಲೇ ಕೊಯ್ದು ದನಕ್ಕೆ ಹಾಕಿ; ಕೊಯ್ಯುವವರು ಅಲರ್ಜಿ ಇಲ್ಲದವರಾಗಿರಲಿ. ಹೊಲಕ್ಕೆ ಹೋಗುವಾಗ ಮಾಸ್ಕ್, ಕನ್ನಡಕ ಹಾಕಿ. ಮನೆಗೆ ಬಂದೊಡನೆ ತಲೆ ತೊಳೆದು ಬಟ್ಟೆ ಬದಲಿಸಿ, ಅವೇ ಬಟ್ಟೆಯಲ್ಲಿ ಹಾಸಿಗೆಗೆ ಹೋಗಬೇಡಿ. ನಿಪ್ಪಾಣಿಯ ತಂಬಾಕಿನ ದೂಳು ಪರಾಗವಲ್ಲ, ಆದರೆ ಊದಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ.

ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚದಷ್ಟು ಉಪ್ಪು ಹಾಕಿ ಮೂಗು ತೊಳೆಯಬಹುದು. ಬಾವಿ, ನಲ್ಲಿಯ ಹಸಿ ನೀರು ಬೇಡವೇ ಬೇಡ.

ಔಷಧದಲ್ಲೇ ಜನ ಎಡವುವುದು ಹೆಚ್ಚು. ಸೆಟ್ರಿಜಿನ್ ಮಾತ್ರೆ ಸೀನು ತಗ್ಗಿಸುತ್ತದೆ, ಆದರೆ ನಿದ್ದೆ ತರಬಹುದು. ನುಂಗಿ ಟ್ರ್ಯಾಕ್ಟರ್ ಏರಬೇಡಿ. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಇದಕ್ಕಿಂತ ಪರಿಣಾಮಕಾರಿ. ಹೆಸರು ಕೇಳಿ ಹೆದರುವವರು ಬಹಳ, ವೃಥಾ. ನಿಮ್ಮ ಸೀನಿನ ಕಾಲಕ್ಕೆ ಒಂದೆರಡು ವಾರ ಮೊದಲೇ ಶುರುಮಾಡಿ, ದಿನವೂ ಹಾಕಿಕೊಳ್ಳಿ. ಬಲ ಹೊಳ್ಳೆಗೆ ಎಡಗೈ, ಎಡಕ್ಕೆ ಬಲಗೈ: ತುದಿ ನಡುಗೋಡೆಗಲ್ಲ, ಕಿವಿಯ ಕಡೆಗೆ ತಿರುಗಿರಲಿ. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಹನಿಯನ್ನು ಮೂರು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮತ್ತೆ ಕಟ್ಟುತ್ತದೆ. ಆ್ಯಂಟಿಬಯಾಟಿಕ್ ಇದಕ್ಕೆ ಔಷಧವೇ ಅಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಬೆಳಗಾವಿ, ಮಿರಜದ ತಜ್ಞರಲ್ಲಿ ಚರ್ಮದ ಪರೀಕ್ಷೆಯ ಬಗ್ಗೆ ವಿಚಾರಿಸಿ. ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರನ್ನೇ ಕೇಳಿ. ಎದೆ ಬಿಗಿದು ಸುಂಯ್‌ ಸದ್ದು ಬಂದರೆ ಅದೇ ದಿನ ದವಾಖಾನೆಗೆ ಹೋಗಿ. ಮಾತಾಡಲೂ ಉಸಿರು ಸಾಲದಿದ್ದರೆ 108ಕ್ಕೆ ಕರೆ ಮಾಡಿ.